ವೀರಗಲ್ಲು ಬಿಟ್ಟ ರಾತ್ರಿ

ಯುದ್ಧದ ಸಿನಿಮಾ ನೈಜವಾಗಿದೆಯೇ ಎಂಬ ಪ್ರಶ್ನೆ ಬಂದಾಗ ನಾವು ಸಮವಸ್ತ್ರ, ಬಂದೂಕು, ಕೆಸರು, ನೆತ್ತರು ಸರಿಯಾಗಿವೆಯೇ ಎಂದು ನೋಡುತ್ತೇವೆ. ಯಾವುದನ್ನು ಎಷ್ಟು ಹೊತ್ತು ತೋರಿಸಿದ್ದಾರೆ ಎಂದು ಕೇಳುವುದು ಕಡಿಮೆ. ನನಗೆ ಈ ಪ್ರಶ್ನೆ ಹುಟ್ಟಿದ್ದು ಬೇಲೂರು ಸೀಮೆಯ ವೀರಗಲ್ಲುಗಳನ್ನು ನೋಡುವಾಗ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಪಟ್ಟಿಕೆಗಳು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ, ಹೆಚ್ಚಿನ ಕಲ್ಲುಗಳಲ್ಲಿ, ಲಿಂಗದ ಮುಂದೆ ಕುಳಿತ ವೀರ. ಕೆಳಗಿನ ಪಟ್ಟಿಕೆಯಲ್ಲಿ ಕತ್ತಿ, ಗುರಾಣಿ, ಬಿಲ್ಲು, ತುರುಗೊಳ್‌ನ ಕಲ್ಲಾದರೆ ದನಗಳು, ಎಲ್ಲವೂ ಕಣ್ಣಿಗೆ ಕಂಡಂತೆಯೇ ಇರುತ್ತವೆ. ಆದರೆ ಗಾಯಕ್ಕೂ ಸ್ವರ್ಗಕ್ಕೂ ನಡುವೆ ಇರುವುದು ಒಂದು ಅಡ್ಡಗೆರೆ ಮಾತ್ರ. ಗಾಯಗೊಂಡವನು ಸಾಯಲು ತೆಗೆದುಕೊಂಡ ಹೊತ್ತು ಕಲ್ಲಿನಲ್ಲಿ ಇಲ್ಲ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯ ಬುಡದಲ್ಲೂ ಯುದ್ಧವಿದೆ. ಆನೆಗಳ ಸಾಲು, ಕುದುರೆ ಸವಾರರ ಸಾಲು, ಅವುಗಳ ಮೇಲೆ ರಾಮಾಯಣ, ಮಹಾಭಾರತದ ಕಾಳಗಗಳು. ಇಲ್ಲಿ ವೇಗ ನೋಡುವವನ ಕಾಲಿನದು. ನಾವು ನಡೆದಂತೆ ಸೇನೆಯೂ ನಡೆಯುತ್ತದೆ. ಅಭಿಮನ್ಯುವಿನ ಚಕ್ರವ್ಯೂಹದ ಮುಂದೆ ಕಾಲು ನಿಲ್ಲುತ್ತದೆ, ಕಣ್ಣು ಸುತ್ತತೊಡಗುತ್ತದೆ.

ಲೂಯಿಸ್ ಮೈಲ್‌ಸ್ಟೋನ್ ನಿರ್ದೇಶಿಸಿದ 'ಆಲ್ ಕ್ವಯಟ್ ಆನ್ ದ ವೆಸ್ಟರ್ನ್ ಫ್ರಂಟ್' (1930) ಹಾಲಿವುಡ್‌ನ ಹಳೆಯ ಯುದ್ಧಚಿತ್ರ. ಎರಿಕ್ ಮರಿಯಾ ರೆಮಾರ್ಕ್‌ನ ಕಾದಂಬರಿ ಅದಕ್ಕೆ ಆಧಾರ. ದಾಳಿಯ ದೃಶ್ಯದಲ್ಲಿ ಕ್ಯಾಮೆರಾ ಕಂದಕದ ಉದ್ದಕ್ಕೂ ಪಕ್ಕಕ್ಕೆ ಸರಿಯುತ್ತದೆ. ಓಡಿ ಬರುವವರು ಮೆಷಿನ್ ಗನ್ನಿಗೆ ಸಾಲಾಗಿ ಉರುಳುತ್ತಾರೆ. ಇಷ್ಟರಮಟ್ಟಿಗೆ ಅದು ಹಳೇಬೀಡಿನ ಶಿಲ್ಪದ ಸಾಲಿಗೆ ದೂರದ್ದಲ್ಲ. ಬೇರೆಯಾಗುವುದು ಚಿತ್ರ ನಿಧಾನವಾದಾಗ. ಜರ್ಮನ್ ಸೈನಿಕ ಪೌಲ್ ಗುಂಡಿಯೊಂದರಲ್ಲಿ ಅಡಗಿರುವಾಗ ಒಳಗೆ ಬಿದ್ದ ಫ್ರೆಂಚ್ ಸೈನಿಕನನ್ನು ಇರಿಯುತ್ತಾನೆ. ಮೇಲೆ ಗುಂಡಿನ ಮಳೆ; ಹೊರಬರುವಂತಿಲ್ಲ. ಇರಿಸಿಕೊಂಡವನು ಬೇಗ ಸಾಯುವುದಿಲ್ಲ. ಪೌಲ್ ಅವನಿಗೆ ನೀರು ಕೊಡುತ್ತಾನೆ, ಕ್ಷಮೆ ಕೇಳುತ್ತಾನೆ. ಅವನು ಸತ್ತ ಮೇಲೆ ಹೆಂಡತಿ, ಮಗುವಿನ ಫೋಟೋ ಸಿಗುತ್ತದೆ. ಅವರಿಗೆ ನೆರವಾಗುವೆನೆಂದು ಹೆಣಕ್ಕೆ ಮಾತು ಕೊಡುತ್ತಾನೆ.

ವೀರಗಲ್ಲಿನ ಮೊದಲ ಪಟ್ಟಿಕೆಗೂ ಎರಡನೆಯದಕ್ಕೂ ನಡುವಿನ ಗೆರೆಯನ್ನು ಈ ದೃಶ್ಯ ಬಿಡಿಸಿ ತೋರಿಸುತ್ತದೆ ಎಂದು ನನಗೆ ಅನ್ನಿಸುತ್ತದೆ. ಆ ಹೊತ್ತನ್ನು ಕಂಡವರಿಗೆ ಯುದ್ಧವನ್ನು ಹಾಡಿ ಹೊಗಳುವುದು ಕಷ್ಟ. 1930ರ ಡಿಸೆಂಬರ್‌ನಲ್ಲಿ ಬರ್ಲಿನ್‌ನ ಪ್ರದರ್ಶನಕ್ಕೆ ನಾಜಿಗಳು ನುಗ್ಗಿ ಗಲಭೆ ಎಬ್ಬಿಸಿದರು. ಕೆಲವೇ ದಿನಗಳಲ್ಲಿ ಜರ್ಮನಿಯಲ್ಲಿ ಚಿತ್ರ ನಿಷೇಧವಾಯಿತು.

ಹಾಗೆಂದು ವೀರಗಲ್ಲು ಸುಳ್ಳು, ಸಿನಿಮಾ ನಿಜ ಎನ್ನಲು ಮನಸ್ಸು ಒಪ್ಪುವುದಿಲ್ಲ. ಶಾಸನವಿರುವ ಕಲ್ಲುಗಳು ಸತ್ತವನ ಹೆಸರು, ಊರು, ಸಾವಿನ ಕಾರಣ ಹೇಳುತ್ತವೆ. ದನಗಳನ್ನು ಬಿಡಿಸಲು ಹೋದವನು, ಹೆಂಗಸರ ಮಾನ ಕಾಯಲು ನಿಂತವನು ಅಲ್ಲಿ ಬರಿಯ ಸೈನಿಕನಲ್ಲ, ಇಂಥವರ ಮಗ. ಅವನ ಮನೆಯವರಿಗೆ ಭೂಮಿ ಬಿಟ್ಟದ್ದಕ್ಕೆ ನೆತ್ತರುಗೊಡಗೆ ಎಂಬ ಪದವೇ ಇದೆ. ಪೌಲ್ ಹೆಣಕ್ಕೆ ಕೊಟ್ಟ ಮಾತನ್ನು ನಮ್ಮ ಊರುಗಳು ಹೊಲವಾಗಿ ಕೊಟ್ಟಿದ್ದವು.

ಆದರೂ ಹೊಲ ಪಡೆದ ಮನೆಯಲ್ಲಿ ಆ ರಾತ್ರಿ ಹೇಗೆ ಕಳೆಯಿತು ಎಂಬುದು ಕಲ್ಲಿನಲ್ಲಿಲ್ಲ. ವೀರಗಲ್ಲಿನ ಮುಂದೆ ನಿಂತವರು ಅಪ್ಸರೆಯರತ್ತ ಕಣ್ಣೆತ್ತುವ ಮೊದಲು ಆ ಅಡ್ಡಗೆರೆಯ ಬಳಿ ಒಂದಿಷ್ಟು ಹೊತ್ತು ನಿಲ್ಲುವುದು ಒಳ್ಳೆಯದು.