ಗಾಂಜಾ ಕಾಲಂನಿಂದ ಸದರಂ ಕಾಗದದವರೆಗೆ: ಗಡಿನಾಡಿನಲ್ಲಿ ಹುಚ್ಚಿನ ಹೆಸರುಗಳು

ಧ್ವನಿ ಕೇಳಿಸ್ತಾ ಇದೆ ಅಂತ ಚಾಟ್‌ನಲ್ಲಿ ಹಾಕಿದ್ದೀರಿ, ಹಾಗಾಗಿ ಶುರು ಮಾಡ್ತೀನಿ. ನನ್ನ ವಿಷಯ ಮನೋರೋಗದ ವೈದ್ಯಶಾಸ್ತ್ರ ಅಲ್ಲ, ಅದು ನನಗೆ ಬರುವುದೂ ಇಲ್ಲ. ಆ ರೋಗಗಳಿಗೆ ಜನ, ಸರ್ಕಾರ, ಆಸ್ಪತ್ರೆ, ಸಾಹಿತ್ಯ ಕೊಟ್ಟ ಹೆಸರುಗಳ ಚರಿತ್ರೆ ನನ್ನ ವಿಷಯ.

ನಮ್ಮೂರು ನಾರ್ವ. ಮಕ್ತಲ್‌ಗೂ ಆತ್ಮಕೂರಿಗೂ ನಡುವೆ ಬರುತ್ತದೆ, ಈಗ ನಾರಾಯಣಪೇಟೆ ಜಿಲ್ಲೆ. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಮಹಬೂಬ್‌ನಗರದ ಜೊತೆ ಆಂಧ್ರಕ್ಕೆ ಬಂದೆವು. ಭಾಷೆ ಮಾತ್ರ ಎರಡೂ ಕಡೆ ಓಡಾಡಿಕೊಂಡೇ ಇದೆ. ನಮ್ಮ ಕಡೆ ಯಾರಾದರೂ ಸ್ವಲ್ಪ ಅಡ್ಡಾದಿಡ್ಡಿ ಮಾತಾಡಿದರೆ ‘ಎರ್ರಗಡ್ಡಕ್ಕ ಕಳಸ್ರಿ’ ಅಂತಾರೆ. ಕೃಷ್ಣೆ ದಾಟಿ ಮುಂದೆ ಹೋದರೆ ಅದೇ ಮಾತು ‘ಧಾರವಾಡಕ್ಕ ಒಯ್ಯಬೇಕು’ ಅಂತ ಆಗುತ್ತದೆ. ಬೆಂಗಳೂರಿನವರು ನಿಮ್ಹಾನ್ಸ್ ಹೆಸರು ತೆಗೀತಾರೆ. ಊರಿನ ಹೆಸರೇ ಬೈಗುಳ ಆಗಿಬಿಟ್ಟಿದೆ. ಧಾರವಾಡದವರು ಪೇಢೆ ಮತ್ತು ಬೇಂದ್ರೆಯವರ ಜೊತೆಗೆ ಇದನ್ನೂ ಹೊತ್ತುಕೊಂಡು ತಿರುಗಬೇಕು, ಪಾಪ.

ಶಬ್ದಗಳನ್ನು ನೋಡಿ. ಕನ್ನಡದಲ್ಲಿ ಹುಚ್ಚು, ತೆಲುಗಿನಲ್ಲಿ ಪಿಚ್ಚಿ. ಹಳಗನ್ನಡದ ಪಕಾರ ಹಕಾರ ಆದದ್ದನ್ನು ನೆನಪಿಟ್ಟುಕೊಂಡರೆ ಎರಡೂ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಮನೆಯ ಹಿರಿಯರು ‘ಗಾಳಿ ಸೋಕ್ಯಾದ’ ಅಂತಾರೆ, ದಖನಿ ಮಾತಾಡುವವರು ದಿವಾನಾ ಅಂತಾರೆ. ಹಳೆಯ ಪುಸ್ತಕಗಳಲ್ಲಿ ಮರುಳು, ಉನ್ಮಾದ, ಚಿತ್ತಭ್ರಮೆ. ಇದರ ಮೇಲೆ ಆಸ್ಪತ್ರೆಯ ಚೀಟಿಯಲ್ಲಿ ಇಂಗ್ಲಿಷ್ ಹೆಸರು. ಅಂದರೆ ನಮ್ಮ ಕಡೆಯ ಒಬ್ಬ ರೋಗಿಗೆ ಕನಿಷ್ಠ ನಾಲ್ಕು ಭಾಷೆಯಲ್ಲಿ ಹೆಸರು ಬೀಳುತ್ತದೆ, ಒಂದನ್ನೂ ಅವನು ಕೇಳಿ ಪಡೆದದ್ದಲ್ಲ.

ಈಗ ಆಸ್ಪತ್ರೆಗಳ ಚರಿತ್ರೆಗೆ ಬರ್ತೀನಿ, ಇದನ್ನು ಬೇಗ ಮುಗಿಸ್ತೀನಿ. ಬೆಂಗಳೂರು ಮತ್ತು ಧಾರವಾಡ ಎರಡರಲ್ಲೂ ಹುಚ್ಚಾಸ್ಪತ್ರೆ 1840ರ ದಶಕದಲ್ಲಿ ಶುರುವಾದವು. ಒಂದು ಮೈಸೂರು ಕಮಿಷನರ್ ಆಡಳಿತದಲ್ಲಿ, ಇನ್ನೊಂದು ಮುಂಬಯಿ ಪ್ರಾಂತದಲ್ಲಿ. ನಿಜಾಮರ ರಾಜ್ಯದ ಆಸ್ಪತ್ರೆ ಜಾಲ್ನಾದಲ್ಲಿತ್ತು. ಅದು 1953ರಲ್ಲಿ ಹೈದರಾಬಾದಿನ ಎರ್ರಗಡ್ಡಕ್ಕೆ ಬಂತು. ಬೆಂಗಳೂರಿನದು 1925ರಲ್ಲಿ ‘ಮೆಂಟಲ್ ಹಾಸ್ಪಿಟಲ್’ ಅಂತ ಹೆಸರು ಬದಲಿಸಿಕೊಂಡಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಕಾನೂನಿನ ಭಾಷೆಯೂ ಹೀಗೇ ಮೆಟ್ಟಿಲು ಮೆಟ್ಟಿಲಾಗಿ ಬದಲಾಯಿತು. 1912ರ ಕಾಯ್ದೆಯಲ್ಲಿ ‘ಲೂನಟಿಕ್’, 1987ರದ್ದರಲ್ಲಿ ‘ಮಾನಸಿಕ ರೋಗಿ’, 2017ರದ್ದರಲ್ಲಿ ‘ಮಾನಸಿಕ ಕಾಯಿಲೆಯುಳ್ಳ ವ್ಯಕ್ತಿ’. ಒಳ್ಳೆಯದೇ. ಆದರೆ ಹೆಸರು ಬದಲಾಯಿಸಿದ ಕೂಡಲೇ ಹಳೆಯ ಹೆಸರಿನ ಕೊಳೆ ಹೊಸದಕ್ಕೂ ಅಂಟುತ್ತದೆ. ‘ಮೆಂಟಲ್’ ಅನ್ನುವುದು ಒಂದು ಕಾಲಕ್ಕೆ ಮರ್ಯಾದೆಯ ಶಬ್ದವಾಗಿ ಬಂದದ್ದು. ಈಗ ಶಾಲೆಯ ಹುಡುಗರು ಜಗಳದಲ್ಲಿ ಅದನ್ನೇ ಬಳಸ್ತಾರೆ. ಪತ್ರಿಕೆಯ ತಲೆಬರಹಗಳಲ್ಲಿ ‘ಮಾನಸಿಕ ಅಸ್ವಸ್ಥ’ ಅನ್ನುವುದೂ ಅದೇ ದಾರಿ ಹಿಡಿದಿದೆ.

ಸರಿ. ನಾನು ನಿಜವಾಗಿ ಹೇಳಬೇಕು ಅಂದುಕೊಂಡದ್ದು ಮುಂದಿನ ಸ್ಲೈಡ್‌ನಲ್ಲಿದೆ. ಕಾಣಿಸ್ತಾ ಇದೆಯಾ?

1893ರಲ್ಲಿ ಬ್ರಿಟಿಷ್ ಸರ್ಕಾರ ಗಾಂಜಾ, ಭಂಗಿ, ಚರಸ್‌ಗಳ ಬಗ್ಗೆ ಒಂದು ಆಯೋಗ ಮಾಡಿತು. ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ಅಂತ ಅದರ ಹೆಸರು, ವರದಿ ಬಂದದ್ದು 1894ರಲ್ಲಿ. ಗಾಂಜಾ ಸೇದಿದರೆ ಹುಚ್ಚು ಹಿಡಿಯುತ್ತದೆ ಅನ್ನುವುದು ಆಗ ಸರ್ಕಾರದ ವಲಯದಲ್ಲಿ ಬಲವಾದ ನಂಬಿಕೆ, ಅದಕ್ಕೆ ಆಧಾರ ಹುಚ್ಚಾಸ್ಪತ್ರೆಗಳ ಅಂಕಿಅಂಶ. ಆಯೋಗದವರು ಒಂದು ಒಳ್ಳೆಯ ಕೆಲಸ ಮಾಡಿದರು: ಆ ಅಂಕಿ ಹೇಗೆ ಹುಟ್ಟಿತು ಅಂತ ನೋಡಿದರು. 1892ರಲ್ಲಿ ದಾಖಲಾದವರ ಪೈಕಿ ಗಾಂಜಾ ಕಾರಣ ಅಂತ ಬರೆದಿದ್ದ ಒಂದೊಂದು ಪ್ರಕರಣವನ್ನೂ ಮತ್ತೆ ವಿಚಾರಿಸಿದರು. ಹೊರಬಿದ್ದದ್ದು ಇಷ್ಟು. ರೋಗಿಯನ್ನು ಪೊಲೀಸರು ಹಿಡಿದು ತರುವಾಗ ಜೊತೆಗೆ ಒಂದು ಫಾರಂ ಬರುತ್ತಿತ್ತು. ಅದರಲ್ಲಿ ‘ಕಾರಣ’ ಅಂತ ಒಂದು ಕಾಲಂ. ಖಾಲಿ ಬಿಡೋ ಹಾಗಿಲ್ಲ. ಊರು ಗೊತ್ತಿಲ್ಲದ ಬೈರಾಗಿ, ಮನೆಯವರಿಲ್ಲದ ಅಲೆಮಾರಿ. ಕಾರಣ ಯಾರನ್ನು ಕೇಳೋದು? ಗಾಂಜಾ ಅಂತ ಬರೆದುಬಿಡೋದು. ಆಸ್ಪತ್ರೆಯ ಅಧಿಕಾರಿ ಅದನ್ನೇ ರಿಜಿಸ್ಟರಿಗೆ ಇಳಿಸುತ್ತಿದ್ದರು, ರಿಜಿಸ್ಟರಿನಿಂದ ವಾರ್ಷಿಕ ವರದಿಗೆ, ವರದಿಯಿಂದ ನೀತಿಗೆ. ಪೊಲೀಸಿನವನ ಊಹೆ ಮೂರು ಪುಟ ದಾಟುವಷ್ಟರಲ್ಲಿ ವಿಜ್ಞಾನ ಆಗಿಹೋಯಿತು. ಮತ್ತೆ ವಿಚಾರಿಸಿದಾಗ ಬಹಳಷ್ಟು ಪ್ರಕರಣಗಳಲ್ಲಿ ಗಾಂಜಾಕ್ಕೆ ಸಾಕ್ಷಿಯೇ ಸಿಗಲಿಲ್ಲ.

ಇದನ್ನು ನಾನು ಇಷ್ಟು ಎಳೆದು ಹೇಳೋದಕ್ಕೆ ಕಾರಣ ಇದೆ. ‘ಹಣೆಪಟ್ಟಿ’ ಅಂದಾಗ ನಾವು ಜನರ ಮೌಢ್ಯವನ್ನು ಮಾತ್ರ ಯೋಚಿಸ್ತೀವಿ. ಇಲ್ಲಿ ಹಣೆಪಟ್ಟಿ ಹುಟ್ಟಿದ್ದು ಓದು ಬಲ್ಲ ಕಚೇರಿಯಲ್ಲಿ, ಒಂದು ಖಾಲಿ ಕಾಲಂನಿಂದ.

ಇದರ ಉಲ್ಟಾ ಪ್ರಕರಣ ನಮ್ಮ ಜಿಲ್ಲೆಗಳದ್ದು. ಪಾಲಮೂರು ಸೀಮೆಯಲ್ಲಿ, ಹಾಗೇ ಆ ಕಡೆ ರಾಯಚೂರಿನಲ್ಲಿ, ಸೇಂದಿ ಅಂದರೆ ಬರೀ ಮರದ ಕಳ್ಳಲ್ಲ ಅಂತ ಎಲ್ಲರಿಗೂ ಗೊತ್ತು. ಅದರಲ್ಲಿ ಸಿ.ಎಚ್. ಪೌಡರ್ ಅಂತ ಕರೆಯುವ ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್, ಅಲ್ಪ್ರಜೋಲಾಮ್ ಬೆರೆಸ್ತಾರೆ. ಕೂಲಿ ಮುಗಿಸಿ ಬಂದವರು ವರ್ಷಗಟ್ಟಲೆ ಕುಡೀತಾರೆ, ಹೆಂಗಸರೂ ಕುಡೀತಾರೆ. 2015ರ ಸೆಪ್ಟೆಂಬರಿನಲ್ಲಿ ತೆಲಂಗಾಣದಲ್ಲಿ ಕಲಬೆರಕೆ ಸೇಂದಿಯ ಮೇಲೆ ಬಿಗಿ ಕ್ರಮ ಆಯಿತು. ಇದ್ದಕ್ಕಿದ್ದಂತೆ ಸಿಗದೆ ಹೋದಾಗ ಕೈಕಾಲು ನಡುಕ, ನಿದ್ದೆ ಇಲ್ಲ, ಫಿಟ್ಸ್, ಇಲ್ಲದ್ದು ಕಾಣೋದು, ಗೋಡೆ ಜೊತೆ ಮಾತಾಡೋದು. ನೂರಾರು ಜನ ಆಸ್ಪತ್ರೆ ಸೇರಿದರು, ಎರ್ರಗಡ್ಡ ತುಂಬಿತು. 2020ರ ಲಾಕ್‌ಡೌನ್‌ನಲ್ಲಿ ಮತ್ತೆ ಅದೇ. ಹೊರಗಿನಿಂದ ನೋಡಿದವರಿಗೆ ಇದು ಹುಚ್ಚು, ಅಥವಾ ಗಾಳಿ. ಡಾಕ್ಟರಿಗೆ ಇದು ಔಷಧ ನಿಂತದ್ದರ ಪರಿಣಾಮ. ಬದಲಿ ಮಾತ್ರೆ ಕೊಟ್ಟು ಮೆಲ್ಲಗೆ ಇಳಿಸಿದರೆ ಹೆಚ್ಚಿನವರು ದಿನಗಳಲ್ಲಿ, ವಾರಗಳಲ್ಲಿ ಸುಧಾರಿಸ್ತಾರೆ. ಸರಿಯಾದ ಹೆಸರು ಬೀಳದೆ ಅಂಥವರನ್ನು ಎಲ್ಲಾದರೂ ಕಟ್ಟಿಹಾಕಿದರೆ ಫಿಟ್ಸ್‌ನಲ್ಲೇ ಜೀವ ಹೋಗಬಹುದು. 1892ರಲ್ಲಿ ಇಲ್ಲದ ಅಮಲನ್ನು ಕಾಲಂನಲ್ಲಿ ಬರೆದರು. ಇಲ್ಲಿ ಇದ್ದ ಅಮಲು ಮನೆಯವರ ಬಾಯಿಂದ ಬರುವುದಿಲ್ಲ, ಮರ್ಯಾದೆ ಅಡ್ಡ ಬರುತ್ತದೆ.

ಹಾಗಾಗಿ ‘ರೋಗನಿರ್ಣಯ ಅನ್ನುವುದೇ ಹಿಂಸೆ, ಎಲ್ಲ ಹೆಸರೂ ಅಧಿಕಾರದ ಆಟ’ ಅಂತ ಸೆಮಿನಾರುಗಳಲ್ಲಿ ಕೇಳಿದಾಗ ನನಗೆ ಸ್ವಲ್ಪ ಕಸಿವಿಸಿ ಆಗುತ್ತದೆ. ಫೂಕೊ ಓದಬೇಡಿ ಅಂತಲ್ಲ. ನಮ್ಮ ಬಂಧುಗಳಲ್ಲಿ ಒಬ್ಬರಿದ್ದಾರೆ, ಸಂಬಂಧದಲ್ಲಿ ನನಗೆ ಸೋದರತ್ತೆ. ಕೇಳಿಕೊಂಡೇ ಇದನ್ನು ಹೇಳ್ತಿದ್ದೀನಿ. ಅವರ ಫೈಲಿನಲ್ಲಿ ಮೂರು ಹೆಸರುಗಳಿವೆ. ಮೊದಲು ಬರೀ ‘ಸೈಕೋಸಿಸ್’, ಆಮೇಲೆ ‘ಸ್ಕಿಜೋಫ್ರೇನಿಯಾ’, ಕೆಲವು ವರ್ಷದ ನಂತರ ಇನ್ನೊಬ್ಬ ಡಾಕ್ಟರು ಇಡೀ ಕಥೆ ಕೂತು ಕೇಳಿ ‘ಬೈಪೋಲಾರ್’ ಅಂದರು. ನೋಡಿ, ಡಾಕ್ಟರುಗಳಿಗೇ ಗೊತ್ತಿಲ್ಲ ಅಂತ ನಗಬಹುದು. ಆದರೆ ಮೂರನೆಯ ಹೆಸರಿನ ಜೊತೆ ಲಿಥಿಯಂ ಬಂತು, ರಕ್ತ ಪರೀಕ್ಷೆ ಬಂತು, ಅತ್ತೆ ಮತ್ತೆ ಹೊಲದ ಲೆಕ್ಕ ನೋಡುವ ಹಾಗಾದರು. ಎರಡನೆಯ ಹೆಸರಿನಿಂದ ಮೂರನೆಯದಕ್ಕೆ ಹೋಗೋದು ಬರೀ ಪಟ್ಟಿ ಬದಲಾಯಿಸಿದ್ದಲ್ಲ, ಮಾತ್ರೆ ಬದಲಾಯಿಸಿದ್ದು. ಅವರೇ ಅದಕ್ಕೆ ಕೊಟ್ಟುಕೊಂಡ ಹೆಸರು ಬೇರೆ: ‘ನಿದ್ದಿಗೇಡಿ ಬ್ಯಾನಿ’. ನಿದ್ದೆ ಕಡಿಮೆಯಾದರೆ ಮುಂದೆ ಏನೋ ಬರ್ತಾ ಇದೆ ಅಂತ ಅವರಿಗೆ ಎಲ್ಲರಿಗಿಂತ ಮೊದಲೇ ಗೊತ್ತಾಗುತ್ತದೆ. ಪುಸ್ತಕದ ಹೆಸರಿಗಿಂತ ಅದು ಉಪಯೋಗದ ಹೆಸರು ಅಂತ ನನ್ನ ಅಭಿಪ್ರಾಯ.

ಇಷ್ಟಾದರೂ ಸದರಂ ಸರ್ಟಿಫಿಕೇಟಿಗೆ ಅವರು ಅರ್ಜಿ ಹಾಕಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಮಾನಸಿಕ ಕಾಯಿಲೆಯೂ ಇದೆ, ಶೇ. 40 ಅಂತ ಆದರೆ ಸೌಲಭ್ಯ. ಅಳೆಯುವುದಕ್ಕೆ ಭಾರತೀಯ ಮನೋವೈದ್ಯರ ಸಂಘದವರು ಮಾಡಿದ ಐಡಿಯಾಸ್ ಅನ್ನುವ ಮಾಪನ ಇದೆ. ಅದು ಕೇಳೋದು ರೋಗದ ಹೆಸರಿಗಿಂತ ಹೆಚ್ಚಾಗಿ ಬದುಕನ್ನು: ತನ್ನ ಕೆಲಸ ತಾನು ಮಾಡಿಕೊಳ್ಳುವುದು, ಜನರ ಜೊತೆ ಒಡನಾಟ, ಮಾತು ಮತ್ತು ತಿಳಿವಳಿಕೆ, ದುಡಿಮೆ. ಲೆಕ್ಕದ ಮಟ್ಟಿಗೆ ಇದು ಮರ್ಯಾದೆಯ ಲೆಕ್ಕವೇ. ಆದರೆ ಆಸರಾ ಪಿಂಚಣಿಯ ಪಟ್ಟಿ ಊರಲ್ಲಿ ಓದಿಸಿಕೊಳ್ಳುತ್ತದೆ. ‘ರೊಕ್ಕ ತಿಂಗಳಿಗೊಮ್ಮೆ ಬರ್ತದ, ಹೆಸರು ದಿನಾ ಇರ್ತದ’ ಅಂದರು ಅತ್ತೆ. ಅವರ ಮಗಳ ಸಂಬಂಧ ನೋಡ್ತಾ ಇದ್ದ ವರ್ಷ ಅದು.

ಕನ್ನಡ ಸಾಹಿತ್ಯಕ್ಕೆ ಬರಲಿಲ್ಲ ಅಂತ ಸರ್ ಚಾಟ್‌ನಲ್ಲಿ ಕೇಳ್ತಿದ್ದಾರೆ. ಬಂದೆ ಸರ್.

ತ್ರಿವೇಣಿಯವರು (1928–1963) ಮನಃಶಾಸ್ತ್ರ ಓದಿದವರು. ಅವರ ‘ಶರಪಂಜರ’ವನ್ನು ನಾವೆಲ್ಲ ಪುಟ್ಟಣ್ಣ ಕಣಗಾಲರ ಸಿನಿಮಾದಿಂದ, ಕಲ್ಪನಾ ಅವರ ಮುಖದಿಂದ ನೆನಪಿಟ್ಟಿದ್ದೀವಿ. ಕಾವೇರಿಗೆ ಕಾಯಿಲೆ ಬಂದದ್ದು ಕಥೆಯ ಅರ್ಧ ಮಾತ್ರ. ಗುಣವಾಗಿ ಮನೆಗೆ ಬಂದ ಮೇಲೆ ಆಕೆ ನಕ್ಕರೂ ಲಕ್ಷಣ, ಸಿಟ್ಟು ಮಾಡಿದರೂ ಲಕ್ಷಣ. ಗಂಡನ ದಾರಿ ತಪ್ಪಿದ್ದನ್ನು ಆಕೆ ಸರಿಯಾಗಿಯೇ ಗುರುತಿಸ್ತಾಳೆ, ಹುಚ್ಚಿಯ ಮಾತಿಗೆ ಬೆಲೆ ಎಲ್ಲಿ? ಈಗ ಅಮೆರಿಕದ ರೋಸೆನ್‌ಹಾನ್ 1973ರಲ್ಲಿ ಪ್ರಕಟಿಸಿದ ಪ್ರಯೋಗ ನೆನಪಿಸಿಕೊಳ್ಳಿ. ಎಂಟು ಜನ ಆರೋಗ್ಯವಂತರು ದನಿ ಕೇಳಿಸ್ತದೆ ಅಂತ ಸುಳ್ಳು ಹೇಳಿ 12 ಆಸ್ಪತ್ರೆ ಸೇರಿದರಂತೆ. ಒಳಗೆ ಅವರು ಟಿಪ್ಪಣಿ ಬರೆದುಕೊಂಡದ್ದೂ ರೋಗಲಕ್ಷಣವಾಗಿ ದಾಖಲಾಯಿತಂತೆ. ‘ಅಂತೆ’ ಅಂತ ಬೇಕೆಂದೇ ಹೇಳ್ತಿದ್ದೀನಿ, ಯಾಕೆಂದರೆ 2019ರಲ್ಲಿ ಸುಸಾನಾ ಕಹಲನ್ ಬರೆದ ಪುಸ್ತಕ ಆ ಪ್ರಯೋಗದ ಪ್ರಾಮಾಣಿಕತೆಯನ್ನೇ ಪ್ರಶ್ನಿಸಿತು. ರೋಸೆನ್‌ಹಾನ್ ಬಿದ್ದರೂ ಕಾವೇರಿ ಬೀಳುವುದಿಲ್ಲ. ಆ ಪ್ರಯೋಗ ಪ್ರಕಟವಾಗುವ ಹತ್ತು ವರ್ಷ ಮೊದಲೇ ತೀರಿಕೊಂಡ ತ್ರಿವೇಣಿಯವರು ಅದೇ ಸಂಗತಿಯನ್ನು ಒಂದು ಮನೆಯ ಪಡಸಾಲೆಯಲ್ಲಿ ತೋರಿಸಿದ್ದರು.

ಇನ್ನೂ ಹಿಂದೆ ಹೋದರೆ ಶೂನ್ಯಸಂಪಾದನೆಯ ಮರುಳಶಂಕರದೇವ. ಕಲ್ಯಾಣದಲ್ಲಿ ಪ್ರಸಾದದ ಕುಂಡದ ಹತ್ತಿರ ವರ್ಷಗಳ ಕಾಲ ಮರುಳನಂತೆ ಇದ್ದವನನ್ನು ಬಸವಣ್ಣನೂ ಗುರುತಿಸಲಿಲ್ಲ, ಅಲ್ಲಮ ಬಂದು ಗುರುತಿಸಿದ. ಈ ಕಥೆಯನ್ನು ಹಿಡಿದುಕೊಂಡು ‘ನಮ್ಮ ಪರಂಪರೆ ಹುಚ್ಚರನ್ನು ಅನುಭಾವಿಗಳಾಗಿ ಕಂಡಿತು’ ಅಂತ ಬರೆಯೋರಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಕಥೆ ಹೇಳೋದು ಅವನು ನಿಜವಾಗಿ ಮರುಳನಲ್ಲ ಅಂತ. ಹಾಗಾದರೆ ನಿಜವಾಗಿ ಮರುಳನಾದವನು ಅದೇ ಕುಂಡದ ಹತ್ತಿರ ಕೂತಿದ್ದರೆ? ಅವನ ಬಗ್ಗೆ ಕಥೆ ಸುಮ್ಮನಿದೆ. ಸಿದ್ಧ ಅನ್ನುವುದೂ ಒಂದು ಹಣೆಪಟ್ಟಿಯೇ, ಸ್ವಲ್ಪ ಚಂದದ್ದು.

ಗುಡಿ-ದರ್ಗಾಗಳ ಪ್ರಶ್ನೆಗೆ ಎರಡೇ ಮಾತು. ನಮ್ಮ ಕಡೆಯವರು ಗಾಣಗಾಪುರಕ್ಕೆ ಹೋಗ್ತಾರೆ, ಅಲ್ಲಿ ಮಂಗಳಾರತಿ ಹೊತ್ತಿಗೆ ಗಾಳಿ ಹಿಡಿದವರು ಕೂಗೋದನ್ನು ನೀವೂ ನೋಡಿರಬಹುದು. ನಿಮ್ಹಾನ್ಸ್‌ನ ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಗುಡಿಯಲ್ಲಿ ಉಳಿದುಕೊಂಡಿದ್ದ 31 ಜನರನ್ನು ಗಮನಿಸಿ 2002ರಲ್ಲಿ ವರದಿ ಮಾಡಿದರು: ಔಷಧ ಇಲ್ಲದೆಯೂ ಲಕ್ಷಣಗಳ ಅಂಕ ಸುಮಾರು ಶೇ. 20ರಷ್ಟು ಇಳಿದಿತ್ತು. ಅದಕ್ಕೆ ಒಂದೇ ವರ್ಷ ಮೊದಲು, 2001ರ ಆಗಸ್ಟ್ 6ರಂದು, ಅದೇ ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಹಾಕಿದ್ದ 28 ಜನ ಬೆಂಕಿಯಲ್ಲಿ ಸುಟ್ಟುಹೋದರು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳೋರು ಜಾಸ್ತಿ.

ಹೆಸರು ಬದಲಾಯಿಸಿದರೆ ಉಪಯೋಗ ಇದೆಯಾ ಅಂತ ಸಹಪಾಠಿಯೊಬ್ಬರು ಕೇಳಿದ್ದಾರೆ. ಜಪಾನಿನಲ್ಲಿ ಸ್ಕಿಜೋಫ್ರೇನಿಯಾಕ್ಕೆ ‘ಮನಸ್ಸು ಸೀಳಿದ ರೋಗ’ ಅನ್ನುವ ಅರ್ಥದ ಹೆಸರಿತ್ತು. ರೋಗಿಗಳ ಕುಟುಂಬದವರು ಒತ್ತಾಯ ಮಾಡಿ, 2002ರಲ್ಲಿ ‘ಹೊಂದಾಣಿಕೆ ತಪ್ಪಿದ ಸ್ಥಿತಿ’ ಅನ್ನುವಂಥ ಹೆಸರು ಬಂತು. ಆಮೇಲೆ ಡಾಕ್ಟರುಗಳು ರೋಗದ ಹೆಸರನ್ನು ರೋಗಿಗೇ ಹೇಳೋದು ಹೆಚ್ಚಾಯಿತು. ಅಷ್ಟು ವರ್ಷ ಹೆಸರು ಎಷ್ಟು ಭಾರ ಇತ್ತು ಅಂದರೆ ಅನುಭವಿಸುವವನಿಗೇ ಅದನ್ನು ಹೇಳ್ತಿರಲಿಲ್ಲ. ಕನ್ನಡದಲ್ಲಿ ನಾವು ಮಾಡಿಕೊಂಡ ‘ಛಿದ್ರಮನಸ್ಕತೆ’ ಜಪಾನಿನವರು ಬಿಟ್ಟ ಹೆಸರಿನ ಅರ್ಥದ್ದೇ. ಛಿದ್ರ ಅಂತ ಕೇಳಿದ ತಾಯಿ ಏನು ಅಂದುಕೊಳ್ಳಬೇಕು? 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಚಿಕಿತ್ಸೆ ಕೊಡುವ ಕೆಲಸ ಶುರು ಮಾಡಿದಾಗ ಆರೋಗ್ಯ ಕಾರ್ಯಕರ್ತರಿಗೆ ಕಲಿಸಿದ್ದು ಮುಖ್ಯವಾಗಿ ಲಕ್ಷಣಗಳನ್ನು: ನಿದ್ದೆ, ಊಟ, ಮಾತು, ಕೆಲಸ. ಮುಂದೆ ಅದೇ ಮಾದರಿ 1996ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮ ಆಯಿತು. ಹೆಸರಿಲ್ಲದೆಯೂ ಅರ್ಧ ದಾರಿ ಹೋಗಬಹುದು ಅನ್ನುವುದಕ್ಕೆ ನನಗೆ ಅದು ಒಳ್ಳೆಯ ಉದಾಹರಣೆ.

ಕಾನೂನಿನ ಬಗ್ಗೆ ಮೇಡಂ ಕೇಳಿದ ಪ್ರಶ್ನೆಗೆ: 2017ರ ಕಾಯ್ದೆಯ ಮೂರನೆಯ ಸೆಕ್ಷನ್ ದಯವಿಟ್ಟು ಎಲ್ಲರೂ ಓದಿ. ಊರಿನ ನೀತಿ-ನಂಬಿಕೆಗೆ ಒಗ್ಗಲಿಲ್ಲ ಅಂತ ಯಾರನ್ನೂ ರೋಗಿ ಅನ್ನೋ ಹಾಗಿಲ್ಲ, ಹಿಂದೆ ಆಸ್ಪತ್ರೆ ಸೇರಿದ್ದ ಮಾತ್ರಕ್ಕೆ ಈಗಲೂ ರೋಗ ಇದೆ ಅನ್ನೋ ಹಾಗಿಲ್ಲ, ರೋಗ ಇದೆ ಅಂದ ಮಾತ್ರಕ್ಕೆ ಬುದ್ಧಿ ಸ್ವಾಧೀನ ಇಲ್ಲ ಅನ್ನೋ ಹಾಗೂ ಇಲ್ಲ, ಅದನ್ನು ಕೋರ್ಟೇ ಹೇಳಬೇಕು. ಕಾವೇರಿಗೆ ಬೇಕಿದ್ದದ್ದು ಇದೇ ಸೆಕ್ಷನ್ನು.

ಕೊನೆಯ ಪ್ರಶ್ನೆ, ನನ್ನ ಪ್ರಬಂಧದಲ್ಲಿ ಯಾವ ಶಬ್ದ ಬಳಸ್ತೀನಿ ಅಂತ. 1925ಕ್ಕೆ ಹಿಂದಿನ ಅಧ್ಯಾಯದಲ್ಲಿ ಹುಚ್ಚಾಸ್ಪತ್ರೆ ಅಂತಲೇ ಬರೀತೀನಿ, ದಾಖಲೆಯ ಒರಟುತನವನ್ನು ನಾನು ನಯ ಮಾಡಿ ಮುಚ್ಚಬಾರದು. ಸ್ಕಿಜೋಫ್ರೇನಿಯಾವನ್ನು ಅನುವಾದ ಮಾಡದೆ ಹಾಗೇ ಇಡ್ತೀನಿ. ಸಂದರ್ಶನ ಕೊಟ್ಟವರಿಗೆ ಮಾತ್ರ ಫಾರಂನಲ್ಲಿ ‘ನೀವು ಇದನ್ನು ಏನಂತ ಕರೀತೀರಿ’ ಅಂತ ಒಂದು ಕಾಲಂ ಇಟ್ಟಿದ್ದೀನಿ. ಅದನ್ನು ಖಾಲಿ ಬಿಡಬಹುದು ಅಂತ ಕೆಳಗೆ ಬರೆದಿದ್ದೀನಿ.