ಚಕ್ರದ ಹಿಡಿತ, ಕಾಲಿನ ಜಾರು

ಹಿಮದ ರಸ್ತೆಯಲ್ಲಿ ಕಾರು ಜಾರದಂತೆ ಮಾಡುವ ಯತ್ನಕ್ಕೆ ಹೆಚ್ಚುಕಡಿಮೆ ಕಾರಿನಷ್ಟೇ ವಯಸ್ಸು. ಮೊದಮೊದಲು ಟೈರಿಗೆ ಹಗ್ಗ ಸುತ್ತುತ್ತಿದ್ದರು. ಅಮೆರಿಕದ ಹ್ಯಾರಿ ವೀಡ್ ಅದರ ಬದಲು ಸರಪಳಿ ತೊಡಿಸಿ 1904ರಲ್ಲಿ ಪೇಟೆಂಟ್ ಪಡೆದರು. 1934ರಲ್ಲಿ ಫಿನ್‌ಲ್ಯಾಂಡಿನ ಕಾರ್ಖಾನೆಯೊಂದು ಹಿಮವನ್ನು ಕಚ್ಚಿ ಹಿಡಿಯುವ ಲಾರಿ ಟೈರು ತಯಾರಿಸಿತು. ಗಟ್ಟಿ ಮಂಜುಗಡ್ಡೆಗೆ ಅದೂ ಸಾಲದೆ, 1960ರ ದಶಕದಲ್ಲಿ ಲೋಹದ ಮೊಳೆ ಕೂರಿಸಿದ ಟೈರುಗಳು ಹಬ್ಬಿದವು.

ಇಲ್ಲಿಂದ ಮುಂದೆ ನನ್ನ ಕಣ್ಣು ಕಾರಿನಿಂದ ಸರಿದು ಪಕ್ಕದಲ್ಲಿ ನಡೆಯುವವರ ಕಡೆ ಹೋಗುತ್ತದೆ. ಹಿಮವಿಲ್ಲದ ದಿನ ಆ ಮೊಳೆಗಳು ಡಾಂಬರನ್ನೇ ಕೊರೆದವು. 1980ರ ದಶಕದಲ್ಲಿ ಜಪಾನಿನ ಸೆಂಡೈ ನಗರಕ್ಕೆ ರಸ್ತೆಯ ಧೂಳು ಕವಿಯಿತು. ಉಸಿರಾಡುವವರು ದನಿಯೆತ್ತಿದರು. 1990ರಲ್ಲಿ ಕಾನೂನು ಬಂದು ಮೊಳೆ ಟೈರುಗಳು ಮರೆಯಾಗತೊಡಗಿದವು. ಆ ಜಾಗಕ್ಕೆ ಚಳಿಯಲ್ಲೂ ಮೆತ್ತಗಿರುವ ರಬ್ಬರಿನ, ಸಣ್ಣ ಸೀಳುಗಳ ಟೈರು ಬಂತು.

ಧೂಳು ಇಳಿಯಿತು. ಆದರೆ ಹಿಮವನ್ನು ಕೆರೆದು ಒರಟಾಗಿಸುತ್ತಿದ್ದ ಮೊಳೆಗಳೂ ಹೋದವು. ಹೊಸ ಟೈರುಗಳು ಉಜ್ಜಿ ಉಜ್ಜಿ ರಸ್ತೆಯನ್ನು ಕನ್ನಡಿ ಮಾಡಿದವು. ಈಗ ಜಾರುವ ಸರದಿ ಕಾಲ್ನಡಿಗೆಯವರದು. ಸಪ್ಪೊರೊ ನಗರದ ಬೀದಿ ಮೂಲೆಗಳಲ್ಲಿ ಇಂದು ಮರಳಿನ ಪೆಟ್ಟಿಗೆಗಳಿವೆ. ದಾರಿಹೋಕರು ತಾವೇ ಮರಳು ಚೆಲ್ಲಿ ರಸ್ತೆ ದಾಟುತ್ತಾರೆ.