ಪಾಳಿ

ಘೋಡಗೇರಿಯಿಂದ ಗೋಕಾಕದವರೆಗೆ ಯಾವ ಊರಿಗೆ ಹೋದರೂ ಬೆಳಗಿನಿಂದ ಸಂಜೆವರೆಗೆ ಕಿವಿಗೆ ಬೀಳುವ ಮಾತು ಪಾಳಿ. ಗಿರಣಿಯ ಮುಂದೆ ಜೋಳದ ಡಬ್ಬಿ ಇಟ್ಟವರೂ ಗೊಬ್ಬರದ ಅಂಗಡಿ ತೆರೆಯುವ ಮೊದಲೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಚಹಾ ಕುಡಿಯಲು ಹೋದವರೂ ‘ಪಾಳಿ ಹಚ್ಚಿ’ದವರೇ. ಬೆಂಗಳೂರಿನ ಪತ್ರಿಕೆಗಳಲ್ಲಿ ಪಾಳಿಗೆ ಕಾರ್ಖಾನೆಯೊಂದೇ ಮನೆ. ಇಲ್ಲಿ ನೀರಿಗೆ, ಕರೆಂಟಿಗೆ, ಕಬ್ಬಿನ ಕಟಾವಿಗೆ, ಗುಡಿಯ ಪೂಜೆಗೆ, ಎಲ್ಲಕ್ಕೂ ಪಾಳಿ. ಗಡಿಯಾಚೆಯ ಮರಾಠಿಯಲ್ಲಿ ಹೆಂಗಸರ ತಿಂಗಳ ಮುಟ್ಟಿಗೂ ಇದೇ ಹೆಸರು. ಸಂಸ್ಕೃತದ ‘ಪಾಲಿ’ಗೆ ಸಾಲು, ಅಂಚು, ಒಡ್ಡು ಎಂಬ ಅರ್ಥಗಳಿವೆ. ಘಟಪ್ರಭೆಯ ದಂಡೆಯವರಿಗೆ ಈ ಮೂರನ್ನೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಸೀಮೆಗೆ ಗಡಿಯಾರದ ಪಾಳಿ ಕಲಿಸಿದ್ದು ಗೋಕಾಕ ಫಾಲ್ಸಿನ ಮಿಲ್ಲು. 1887ರಲ್ಲಿ ಜಲಪಾತದ ನೀರಿನ ಬಲದಿಂದಲೇ ಅದು ನೂಲು ತೆಗೆಯತೊಡಗಿತು. ಭೋಂಗಾ ಊದಿದರೆ ಒಬ್ಬರು ಒಳಗೆ, ಒಬ್ಬರು ಹೊರಗೆ. ಹತ್ತು ವರ್ಷದ ಮೇಲೆ, 1897ರಲ್ಲಿ, ಧೂಪದಾಳದ ಒಡ್ಡು ಎದ್ದಿತು, ಕಾಲುವೆ ಹರಿಯಿತು, ಹೊಲಕ್ಕೆ ಇನ್ನೊಂದು ಬಗೆಯ ಪಾಳಿ ಬಂತು. ಮಿಲ್ಲಿನ ಪಾಳಿಗೆ ತಾಸು ಗೊತ್ತು. ನೀರಿನ ಪಾಳಿಯಲ್ಲಿ ಗೊತ್ತಿರುವುದು ಇಷ್ಟೇ: ಯಾರ ಹಿಂದೆ ನಾನು. ಯಾವಾಗ ಅನ್ನುವುದು ಸಹ್ಯಾದ್ರಿಯ ಮಳೆಗೆ, ಮೇಲಿನ ತೂಬಿಗೆ, ಮೇಲಿನ ಹೊಲದವನಿಗೆ ಬಿಟ್ಟದ್ದು. ಮುಂದೆ ಹಿಡಕಲ್‌ನಲ್ಲಿ 51 ಟಿಎಂಸಿ ಹಿಡಿಯುವ ರಾಜಾ ಲಖಮಗೌಡ ಜಲಾಶಯ ಕಟ್ಟಿದ ಮೇಲೂ ‘ಯಾವಾಗ’ ಅನ್ನುವ ಪ್ರಶ್ನೆ ಹಾಗೇ ಉಳಿಯಿತು.

ಶಿಸ್ತಿನ ಬದುಕು ಹೇಗೆಂದು ಕಲಿಸುವ ಪುಸ್ತಕಗಳು ಈಗ ಬಸ್‌ಸ್ಟ್ಯಾಂಡಿನಲ್ಲೂ ಸಿಗುತ್ತವೆ. ಐದಕ್ಕೆ ಏಳಿ, ಇಂತಿಷ್ಟು ಹೊತ್ತು ಓದಿ, ಇಂತಿಷ್ಟು ಹೊತ್ತು ನಡೆಯಿರಿ. ಅವು ಬರೆದದ್ದು ಮಿಲ್ಲಿನ ಪಾಳಿಯವರಿಗೆ. ಮೋಟಾರಿಗೆ ಬೇಕಾದ ತ್ರೀ ಫೇಸ್ ರಾತ್ರಿ ಒಂದಕ್ಕೆ ಬರುವ ವಾರ ಐದಕ್ಕೆ ಏಳುವ ಮಾತೆಲ್ಲಿ? ನೀರಿನ ಪಾಳಿಯವನ ರೂಢಿಗಳು ಬೇರೆ. ಕಾಲುವೆಯ ಕಸ ಇವತ್ತೇ ತೆಗೆದಿರಬೇಕು, ಒಡ್ಡಿನ ಬಿಲ ಮುಚ್ಚಿರಬೇಕು, ಸಲಕಿ ಬಾಗಿಲ ಹಿಂದೆಯೇ ಇರಬೇಕು, ಬ್ಯಾಟರಿ ಚಾರ್ಜ್ ಆಗಿರಬೇಕು. ನೀರು ನಾಳೆ ಬರಬಹುದು, ಎಂಟು ದಿನ ಬಾರದೆಯೂ ಇರಬಹುದು. ಬರುವ ಹೊತ್ತು ಕೈಯಲ್ಲಿಲ್ಲದವನೇ ದಿನದಿನದ ಕೆಲಸವನ್ನು ಹೆಚ್ಚು ಅಚ್ಚುಕಟ್ಟಾಗಿ ಮಾಡುತ್ತಾನೆ. ಮನುಷ್ಯ ಮಾಗುವುದಕ್ಕೆ ಇದು ಪುಸ್ತಕದ ದಾರಿಗಿಂತ ಗಟ್ಟಿ ಎಂದೇ ನನ್ನ ಎಣಿಕೆ.

‘ಪಾಲು’ ಎಂಬುದಕ್ಕೂ ಪಾಳಿಗೂ ಇರುವ ಅಂತರ ಇದೇ. ಪಾಲಿಗೆ ಬಂದದ್ದು ಪಂಚಾಮೃತ ಅಂದುಕೊಂಡು ಸುಮ್ಮನಿರಬಹುದು. ಪಾಳಿಗೆ ಬಂದದ್ದನ್ನು ಎದ್ದು ಹೋಗಿ ಹಿಡಿಯಬೇಕು. ತಪ್ಪಿದರೆ ಮತ್ತೆ ಸಾಲಿನ ಕೊನೆಗೆ.

ಆದರೆ ಕ್ರಮವೆಂದ ಮಾತ್ರಕ್ಕೆ ಒಳ್ಳೆಯದೆಂದು ಹೇಳಲಾರೆ. ಅಣ್ಣತಮ್ಮಂದಿರು ಬೇರೆಯಾದಾಗ ಹೊಲ ಹರಿದು ಹಂಚಬಹುದು, ಬಾವಿಯನ್ನು ಹಂಚಲಾಗದು. ಅದಕ್ಕೆ ದಿನದ ಪಾಳಿ. ಕೆಲವು ಮನೆಗಳಲ್ಲಿ ಆ ಲೆಕ್ಕ ಬಾವಿಗೇ ನಿಲ್ಲದೆ ತಾಯಿಯವರೆಗೂ ಬರುತ್ತದೆ. ತಿಂಗಳು ಹಿರಿಯವನಲ್ಲಿ, ತಿಂಗಳು ಕಿರಿಯವನಲ್ಲಿ. ‘ಅವ್ವನ ಪಾಳಿ ಯಾರದೈತಿ ಈಗ?’ ಎಂದು ಕೇಳುವವರ ದನಿಯಲ್ಲಿ ತಪ್ಪು ಮಾಡಿದ ಅಳುಕು ಕೂಡ ಇರುವುದಿಲ್ಲ. ಲೆಕ್ಕ ಒಂದು ದಿನವೂ ತಪ್ಪಿಲ್ಲವಲ್ಲ! ಮೂವತ್ತೊಂದು ದಿನದ ತಿಂಗಳು ಯಾರಿಗೆ ಬಿತ್ತೆಂದು ವಾದಿಸುವವರೂ ಇದ್ದಾರೆ. ಪಾಳಿ ಎಂಬ ಮಾತು ಇಷ್ಟು ಸಣ್ಣದಾಗಿ ಕೇಳಿಸುವುದು ಇನ್ನೆಲ್ಲೂ ಇಲ್ಲ.

ಹೊಳೆಗಂತೂ ಪಾಳಿಯಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದ ಓಣಿಗಳಿಗೇ ನುಗ್ಗಿತು. 2021ರಲ್ಲೂ 2024ರಲ್ಲೂ ಮತ್ತೆ ಉಕ್ಕಿತು. ಹಾಗೆ ನೋಡಿದರೆ ಬೇಸಿಗೆಯಲ್ಲಿ ತಾಸಿನ ಲೆಕ್ಕದಲ್ಲಿ ಹಂಚಿಕೊಂಡ ನೀರೇ ಅದು.

ಇನ್ನೊಂದು ಬಳಕೆ ಉಳಿಯಿತು: ಪಾಳಿ ಬಿಟ್ಟುಕೊಡುವುದು. ಪಕ್ಕದ ಹೊಲದ ಮೆಣಸಿನ ಸಸಿ ಬಾಡುತ್ತಿದ್ದರೆ, ತನ್ನ ಕಬ್ಬು ಎರಡು ದಿನ ತಾಳುವಂತಿದ್ದರೆ, ಬದುವಿನ ಮೇಲೆ ನಿಂತು ಒಂದು ಮಾತು ಹೇಳುತ್ತಾರೆ: ‘ಈ ಸಲ ನಮ್ಮ ಪಾಳಿ ನೀವ ತಗೋರಿ, ಕಾಕಾ. ಮುಂದ ನೋಡೂಣು.’ ಇದನ್ನು ಯಾರೂ ಎಲ್ಲೂ ಬರೆದಿಡುವುದಿಲ್ಲ.